ಪರದೇಶದ ಚಹಾ ಮತ್ತು ಕಾಕಾನ ಸೈಕಲ್

ಗೋಕಾಕ

ಪರದೇಶಕ್ಕೆ ಹೋಗಿ ಬಂದವರೆಲ್ಲ ತಮ್ಮ ಕತೆಯನ್ನು ಹಡಗಿನಿಂದ ಶುರು ಮಾಡುತ್ತಾರೆ. ನನ್ನ ಕತೆ ಧೋತರದಿಂದ ಶುರುವಾಗುತ್ತದೆ. ಗೋಕಾಕದ ಪೇಟೆ ದಾಟುವ ಮೊದಲೇ ನನ್ನ ಧೋತರದ ಚುಂಗು ಸೈಕಲ್ಲಿನ ಚೈನಿಗೆ ಸಿಕ್ಕಿತು. ಕಿರಾಣಿ ಅಂಗಡಿಯ ಮುಂದಿದ್ದ ಮೆಣಸಿನಕಾಯಿ ಚೀಲದ ಮೇಲೆ ನಾನು ಕವುಚಿ ಬಿದ್ದೆ. ಬೀಳ್ಕೊಡಲು ನಿಂತಿದ್ದ ಮಂದಿ ನಕ್ಕರು, ನಾನು ಸೀನಿದೆ.

"ಸೀನಿದಿ, ಅಪಶಕುನ ಆತು," ಎಂದ ಗುರಸಿದ್ಧ ಕಾಕಾ.

"ಮೆಣಸಿನಕಾಯಿ ಮ್ಯಾಲ ಬಿದ್ರ ಶಕುನದ ದೇವ್ರೂ ಸೀನತಾನ ಬಿಡ್ರಿ," ಎಂದ ಲಕ್ಕಪ್ಪ.

ನಮ್ಮ ತಂಡವೆಂದರೆ ಈ ಇಬ್ಬರು ಮತ್ತು ನಾನು. ಕಾಕಾ ನನ್ನ ತಂದೆಯ ಗೆಳೆಯ, ಹೊಲಿಗೆ ಕೆಲಸದವನು, ಐವತ್ತು ದಾಟಿದವನು. ಲಕ್ಕಪ್ಪ ಕುರುಬರ ಮನೆತನದವನು. ಅವನ ಅಪ್ಪ ಕುರಿ ಕಾಯುತ್ತಿದ್ದ, ಅವನು ಬಸ್ ನಿಲ್ಲುವ ಜಾಗದ ಬಳಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾನು ಕನ್ನಡ ಶಾಲೆಯ ಮಾಸ್ತರ. ಸೂಟಿ ಬಂದರೆ ಸಾಕು, ಮೂವರೂ ಸೈಕಲ್ ಹತ್ತಿ ಊರು ಬಿಡುವುದು ನಮಗೆ ಅಂಟಿದ ಚಟ. ಕೆಲಸವಿಲ್ಲದೆ, ಲಗ್ನವಿಲ್ಲದೆ, ಯಾರೂ ಸತ್ತಿಲ್ಲದೆ ಹತ್ತಾರು ಹರದಾರಿ ಸೈಕಲ್ ತುಳಿಯುವವರನ್ನು ಊರವರು ಏನೆನ್ನುತ್ತಾರೆಂದು ಇಲ್ಲಿ ಬರೆಯುವುದು ಬೇಡ.

ನನ್ನದು ಹೊಸ ಸೈಕಲ್. ಕರಿ ಬಣ್ಣ, ಬಾಗಿದ ಹ್ಯಾಂಡಲ್, ಇಳಿಜಾರಿನಲ್ಲಿ ಬಿಟ್ಟರೆ ಬಾಣ. ಕಾಕಾನದು ಹೆಂಗಸರ ಸೈಕಲ್. ಬೆಳಗಾವಿಯ ಸಾಹೇಬನೊಬ್ಬ ವಿಲಾಯತಿಗೆ ಮರಳುವಾಗ ಅವನ ಹೆಂಡತಿ ಬಿಟ್ಟುಹೋದದ್ದು. ನಡುವೆ ಅಡ್ಡ ಕೊಳವೆಯಿಲ್ಲ, ಚೈನಿಗೆ ಮುಚ್ಚಳವಿದೆ, ಹಿಂದೆ ಅಗಲವಾದ ಕ್ಯಾರಿಯರ್. ಧೋತರ ಉಟ್ಟವನಿಗೆ ಇದಕ್ಕಿಂತ ಒಳ್ಳೆಯ ಗಾಡಿಯಿಲ್ಲವೆಂದು ಕಾಕಾನ ವಾದ. ನಾನು ಮಾತ್ರ ಅದನ್ನು 'ಬಾಯಿಸಾಹೇಬರ ಪಲ್ಲಕ್ಕಿ' ಎಂದೇ ಕರೆಯುತ್ತಿದ್ದೆ. ಮೆಣಸಿನಕಾಯಿಯ ಮೇಲಿಂದ ಎದ್ದ ಮೇಲೂ ಕರೆದೆ.

ಈಗ ಪರದೇಶದ ವಿಷಯ. ನನ್ನ ತರಗತಿಯ ಗೋಡೆಯ ನಕಾಶೆಯಲ್ಲಿ ನಮ್ಮ ಇಂಗ್ರಜಿ ಮುಲೂಕಿನ ಬಣ್ಣ ಕೆಂಪು. ದಡ್ಡಿಯ ಬಳಿ ಹೊಳೆ ದಾಟಿ ಸ್ವಲ್ಪ ನಡೆದರೆ ಸಂಸ್ಥಾನದ ಸೀಮೆ, ಅದರ ಬಣ್ಣ ಹಳದಿ. ಅಲ್ಲಿ ದೊರೆ ಬೇರೆ, ಕಾಯಿದೆ ಬೇರೆ, ಪೊಲೀಸನ ರುಮಾಲು ಬೇರೆ. ಏಳು ವರ್ಷ ಬೆತ್ತ ಹಿಡಿದು ಆ ಹಳದಿಯನ್ನು ತೋರಿಸಿದ್ದೇನೆ. ಒಮ್ಮೆಯೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ನಾಲ್ಕು ದಿನದ ಸೂಟಿ ಸಿಕ್ಕಿತ್ತು. ಹಳದಿ ನೆಲದಲ್ಲಿ ಕೂತು ಒಂದು ಕಪ್ ಚಹಾ ಕುಡಿದು ಬರುವುದು ಎಂದು ಮೂವರೂ ಆಣೆ ಮಾಡಿದ್ದೆವು.

ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ ಮೂಡಲಗಿಗೆ ಹೊರಟದ್ದೇಕೆ ಎಂದು ಭೂಗೋಳ ಬಲ್ಲವರು ಕೇಳಬಹುದು. ಮೂಡಲಗಿಯಲ್ಲಿ ಕಾಕಾನ ಮಗಳಿದ್ದಾಳೆ, ದೀಪಾವಳಿಯ ಕರಚಿಕಾಯಿ ಅವಳ ಡಬ್ಬಿಯಲ್ಲಿ ಇನ್ನೂ ಉಳಿದಿತ್ತು.

ಮಸಗುಪ್ಪಿ

ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಮಸಗುಪ್ಪಿಯ ಎರೆ ಮಣ್ಣು ಒದ್ದೆಯಾದರೆ ಅದಕ್ಕಿಂತ ಜಿಗುಟು ನೆಂಟ ಇನ್ನೊಬ್ಬನಿಲ್ಲ, ಹಿಡಿದರೆ ಬಿಡುವುದಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗಳು ರೊಟ್ಟಿಯ ಹಂಚಿನಷ್ಟು ದಪ್ಪವಾಗಿ ನಿಂತುಬಿಟ್ಟವು. ಕೊನೆಗೆ ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತೆವು. ಮೂರು ಜನ, ಮೂರು ಸೈಕಲ್, ಮೊಣಕಾಲಿನವರೆಗೆ ಕೆಸರು.

ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದ ರೈತನೊಬ್ಬ ಬಹಳ ಹೊತ್ತು ನಮ್ಮನ್ನು ನೋಡಿದ. "ಅಲ್ರಿ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇದು ನಿಮ್ಮನ್ನ ಹೊರತೈತೋ, ನೀವ ಇದನ್ನ ಹೊರತೀರೋ?"

ನನಗೆ ಸಿಟ್ಟು ಬಂದೇ ಬಂತು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ, "ಪಾಳಿ ಹಚ್ಚೇವ್ರಿ. ಈಗ ಅದರ ಪಾಳಿ," ಎಂದ. ರೈತ ಎಷ್ಟು ನಕ್ಕನೆಂದರೆ ರೊಟ್ಟಿ ಗಂಟಲಿಗೆ ಸಿಕ್ಕಿ ನಾವೇ ನೀರು ಕೊಡಬೇಕಾಯಿತು. ಆಮೇಲೆ ತನ್ನ ಕುಡಗೋಲಿನ ತುದಿಯಿಂದ ಮೂರೂ ಗಾಲಿಗಳ ಮಣ್ಣನ್ನು ತಾನೇ ಕೆತ್ತಿ ತೆಗೆದು, ಗಟ್ಟಿ ನೆಲದವರೆಗೆ ನನ್ನ ಸೈಕಲ್ ಹೊತ್ತು ತಂದುಕೊಟ್ಟ.

ಮೂಡಲಗಿ

ಕಾಕಾನ ಮಗಳು ಮೊದಲು ಸೈಕಲ್ಲುಗಳಿಗೆ ವಿಭೂತಿ ಹಚ್ಚಿ, ಆಮೇಲೆ ನಮಗೆ ನೀರು ಕೊಟ್ಟಳು. ಕರಚಿಕಾಯಿ ತಿಂದೆವು. ಎಷ್ಟು ತಿಂದೆವೆಂದು ಹೇಳಿದರೆ ಅವಳ ಅತ್ತೆಗೆ ಈಗಲೂ ಗೊತ್ತಾದೀತು.

ಸಂಜೆ ಅಂಗಿ ತೆಗೆದಾಗ ನನ್ನ ಎದೆಯ ಮೇಲೆ ನೀಲಿ ಕಲೆ ಬಿದ್ದಿತ್ತು. ನಾವು ಲಿಂಗವಂತರು. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಲ್ಲಿ ಧರಿಸುತ್ತೇವೆ, ಎದೆಯ ಮೇಲಿಂದ ಅದು ಇಳಿಯಕೂಡದು. ನಾನು ಹ್ಯಾಂಡಲ್ಲಿನ ಮೇಲೆ ಬಾಗಿ ಸೈಕಲ್ ಹೊಡೆಯುತ್ತೇನೆ. ಬಾಗಿದಾಗ ಕರಡಿಗೆ ಜೋತು ಬಿದ್ದು, ಗಾಲಿ ತಗ್ಗಿಗೆ ಇಳಿದಾಗೊಮ್ಮೆ ಎದೆಗೆ ಬಡಿಯುತ್ತದೆ. ಮೂಡಲಗಿಯ ದಾರಿಯಲ್ಲಿ ತಗ್ಗುಗಳಿಗೆ ಬರವಿಲ್ಲ.

"ನನಗೇನೂ ಆಗಿಲ್ಲ ನೋಡು," ಎಂದ ಕಾಕಾ ತನ್ನ ಎದೆ ತೋರಿಸಿ. "ನೆಟ್ಟಗ ಕುಂತ್ರ ಲಿಂಗ ಸುಮ್ಮನಿರತೈತಿ. ನೀ ಕುದರಿ ಕುತಗಿ ಹಿಡದವರಂಗ ಬಗ್ಗತಿ."

"ಬಗ್ಗದಿದ್ರ ಗಾಳಿ ಹಿಡೀತೈತಿ ಕಾಕಾ. ಸೈಕಲ್ ಓಡೂದ್ಹ್ಯಾಂಗ?"

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಕಾಕಾ ಮಗ್ಗುಲು ಬದಲಿಸಿ ಮಲಗಿದ.

ಹುಕ್ಕೇರಿ

ಎರಡನೆಯ ದಿನದ ದಾರಿ ಉದ್ದ, ಬಿಸಿಲು ಖಡಕ್, ಉಮೇದು ಅದಕ್ಕಿಂತ ಖಡಕ್. ಹುಕ್ಕೇರಿಗೆ ಇನ್ನೆರಡು ಹರದಾರಿ ಇರುವಾಗ ಒಂದು ಹಳ್ಳಿಯಲ್ಲಿ ಗಂಟೆ ಬಾರಿಸುತ್ತ ನುಗ್ಗಿದೆವು. ನುಗ್ಗಿದ್ದೇ ತಡ, ಓಣಿಯೆಲ್ಲ ಖಾಲಿ. ತಾಯಂದಿರು ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಒಳಗೋಡಿ ದಡದಡ ಕದ ಹಾಕಿದರು. ಸೈಕಲ್ ಮೇಲೆ ಆ ಊರಿಗೆ ಬರುತ್ತಿದ್ದವನು ಒಬ್ಬನೇ, ಮಕ್ಕಳ ತೋಳಿಗೆ ಸೂಜಿ ಚುಚ್ಚಿ ದೇವಿ ಬೇನೆಯ ಲಸಿಕೆ ಹಾಕುವ ಸರಕಾರಿ ಮನುಷ್ಯ. ಈ ಸಲ ಮೂವರು ಬಂದಿದ್ದಾರೆ!

ಕಾಕಾ ಚಾವಡಿಯ ಮುಂದೆ ನಿಂತು, "ನಾ ಸಿಂಪಿಗ್ಯಾ ಅದೇನ್ರವ್ವ, ನನ್ನ ಸೂಜಿ ಅರಿಬಿಗೆ ಅಷ್ಟ ಚುಚ್ಚತೈತಿ!" ಎಂದು ಕೂಗಿದ. ಒಂದೊಂದೇ ಕದ ತೆರೆಯಿತು. ಅರ್ಧ ಗಂಟೆಯ ಮೇಲೆ ನಾವು ಮಜ್ಜಿಗೆ ಕುಡಿಯುತ್ತಿದ್ದೆವು, ಕಾಕಾ ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದ.

ಹುಕ್ಕೇರಿಯ ಹಳೆಯ ಗುಮ್ಮಟಗಳು ಬಯಲಿನ ಕೊನೆಯಲ್ಲಿ ಕಂಡಾಗ ನಾನು ಕೂಗಿಯೇ ಬಿಟ್ಟೆ. ರೈಲಿಲ್ಲ, ಬಂಡಿಯಿಲ್ಲ, ಯಾರ ಹಂಗೂ ಇಲ್ಲ, ನನ್ನ ಎರಡು ಕಾಲುಗಳೇ ನನ್ನನ್ನು ಇಲ್ಲಿಗೆ ತಂದಿದ್ದವು. ಆ ಸಂತೋಷವನ್ನು ಸೈಕಲ್ ತುಳಿಯದವರಿಗೆ ಹೇಗೆ ತಿಳಿಸಲಿ?

ಮರುದಿನ ನಸುಕಿನಲ್ಲಿ ಬಾವಿಯ ಬಳಿ ಸ್ನಾನ, ಪೂಜೆ ಮುಗಿಸಿದೆ. ಎದೆಯ ನೀಲಿ ಈಗ ಕಪ್ಪಾಗಿತ್ತು. ಮುಟ್ಟಿದರೆ ಜೀವ ಹೋಗುವ ನೋವು. ಕಾಕಾ ಆಚೆ ತಿರುಗಿದ್ದ. ನಾನು ಮಾಡಬಾರದ್ದನ್ನು ಮಾಡಿದೆ. ಕರಡಿಗೆಯನ್ನು ಕೊರಳಿಂದ ತೆಗೆದು, ಬಿಳಿ ವಸ್ತ್ರದಲ್ಲಿ ಸುತ್ತಿ, ಸೀಟಿನ ಹಿಂದಿನ ಚರ್ಮದ ಚೀಲದಲ್ಲಿ ರಿಪೇರಿ ಸಾಮಾನಿನ ಜೊತೆಗಿಟ್ಟೆ. ಒಂದೇ ದಿನದ ಮಾತು, ಸಂಜೆ ಮತ್ತೆ ಧರಿಸಿದರಾಯಿತು, ಹಳೆಯ ಕಾಲದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. ಅಂಗಿಯ ಗುಂಡಿಯನ್ನು ಮಾತ್ರ ಕೊರಳವರೆಗೆ ಹಾಕಿದೆ, ಕಾಕಾಗೆ ಕಾಣದಿರಲೆಂದು.

ದಡ್ಡಿಯ ದಾರಿ

ಎದೆ ಹಗುರಾಗಿತ್ತು. ಅವರಿಬ್ಬರನ್ನೂ ಹಿಂದೆ ಹಾಕಿ ಹಾರಿದೆ. ಹಾರಿದವನು ದಾರಿಯ ಜಾಲಿಮುಳ್ಳು ನೋಡಲಿಲ್ಲ. ಟುಸ್ಸೆಂದು ಮುಂದಿನ ಗಾಲಿ ಕುಳಿತಿತು.

ಬಾಜೂ ಹೊಲದಲ್ಲಿ ಕುರಿಹಟ್ಟಿ ಇಳಿದಿತ್ತು. ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ, ಕುರುಬರಿಗೆ ಕಾಳು. ಹೀಗೆ ಹೊಲದಿಂದ ಹೊಲಕ್ಕೆ ಹಟ್ಟಿ ಸಾಗುತ್ತಲೇ ಇರುತ್ತದೆ. ಮುದುಕಿಯೊಬ್ಬಳು ಬಂದು ಜಾಲಿಯ ನೆರಳಲ್ಲಿ ಕಂಬಳಿ ಹಾಸಿದಳು. ಅವಳ ಹೆಸರು ಮಾಳವ್ವ. ಹಿಂದೆ ಒಂದು ಕೆಂಚು ನಾಯಿ.

ಲಕ್ಕಪ್ಪ ಟ್ಯೂಬು ಬಿಚ್ಚಿ ಕೈ ಚಾಚಿದ. "ಸಾಮಾನ ಕೊಡ್ರಿ ಮಾಸ್ತರ್ರ."

ಚೀಲ ತೆರೆದೆ. ಮೇಲೆಯೇ ಬಿಳಿ ಗಂಟು. ಕಾಕಾ ನನ್ನ ಕಡೆಗೇ ಬರುತ್ತಿದ್ದ. ಗಂಟನ್ನು ಚಕ್ಕನೆ ತೆಗೆದು ಕಂಬಳಿಯ ಮಡಿಕೆಯೊಳಗೆ ಸರಿಸಿ, ಸಾಮಾನು ಲಕ್ಕಪ್ಪನಿಗೆ ಕೊಟ್ಟೆ.

ಮಾಳವ್ವ ಹಿತ್ತಾಳೆಯ ತಂಬಿಗೆಯಲ್ಲಿ ಹಾಲು ತಂದಳು. "ಕುಡೀರಿ, ಈಗ ಹಿಂಡೇನಿ." ಲಕ್ಕಪ್ಪ ಕುಡಿದ. ಕಾಕಾ ಕುಡಿದ. ನಾನು, "ಹಸಿವಿಲ್ಲಬೇ," ಎಂದೆ. ನಿಜ ಹೇಳುತ್ತೇನೆ, ಹಸಿವು ಬೇಕಾದಷ್ಟಿತ್ತು. ಯಾರದೋ ಹಟ್ಟಿ, ಯಾರದೋ ತಂಬಿಗೆ ಎಂದು ಮನಸ್ಸು ಹಿಂಜರಿಯಿತು. ಲಿಂಗ ತೆಗೆದು ಚೀಲಕ್ಕೆ ಹಾಕುವಾಗ ಹೊಸ ಕಾಲದವನಾಗಿದ್ದೆ, ಹಾಲು ಕುಡಿಯುವಾಗ ಹಳೆಯ ಕಾಲದವನಾದೆ.

ಅವಳು ಒತ್ತಾಯ ಮಾಡಲಿಲ್ಲ. "ಇವತ್ತ ಹೊತ್ತ ಇಳಿಯೂದ್ರಾಗ ಇಲ್ಲಿಂದ ಎದ್ದ ಹೋಗ್ತೇವಿ. ಮುಂದಿನ ಹೊಲದ ಧಣಿ ಹಾದಿ ನೋಡಾಕತ್ತಾನ," ಎಂದು ಲಕ್ಕಪ್ಪನೊಂದಿಗೆ ಮಾತಿಗೆ ಕುಳಿತಳು. ಗಾಲಿಗೆ ಗಾಳಿ ತುಂಬಿತು. ನಾನು ಜಿಗಿದು ಹತ್ತಿದೆ.

ಹಳದಿ ನೆಲ

ದಡ್ಡಿಯಲ್ಲಿ ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ದೋಣಿಯಲ್ಲಿ ಮೂರು ಸೈಕಲ್, ಮೂವರು ನಾವು, ಎರಡು ಆಡು, ಒಬ್ಬ ಅಂಬಿಗ. ನಡುಹೊಳೆಯಲ್ಲಿ ಆಡೊಂದು ನನ್ನ ಸೀಟು ಅಗಿಯತೊಡಗಿತು. ಹಡಗಿನ ಪ್ರಯಾಣದಲ್ಲಿ ಇಂಥ ಸುಖವಿರುತ್ತದೆಯೇ?

ಗಡಿಯ ಕಲ್ಲಿನ ಮುಂದೆ ಇಳಿದೆವು. ಏಳು ವರ್ಷದ ನನ್ನ ಹಳದಿ! ಬಗ್ಗಿ ಮಣ್ಣು ಮುಟ್ಟಿದೆ. ಅದು ಕೆಂಪಗಿತ್ತು. ಸುಂಕದ ನಾಕೆಯ ಪೊಲೀಸ ಕಾಕಾನ ಸೈಕಲ್ಲನ್ನು ಸುತ್ತಿ ನೋಡಿ, "ಬಾಯಿಸಾಹೇಬರು ಹಿಂದ ಬರಾಕತ್ತಾರೇನ್ರಿ?" ಎಂದು ಮರ್ಯಾದೆಯಿಂದ ಕೇಳಿದ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ನಾಕೆಯ ಆಚೆಯೇ ಚಹಾದ ಅಂಗಡಿ. ಅಲ್ಲಿಯವರು ಚಹಾವನ್ನು ಬಸಿಗೆ ಸುರಿದು, ಕಪ್ಪನ್ನು ಬೋರಲು ಹಾಕಿ ಕುಡಿಯುತ್ತಾರೆ. ಕಪ್ಪು ಬೋರಲಾಗಿದ್ದರೆ ಇನ್ನಷ್ಟು ಬೇಡ ಎಂದರ್ಥವಂತೆ. ಮೂರು ಕಪ್ಪು ಬಂತು. ಹೊಗೆಯಾಡುವ, ಬೆಲ್ಲದ ಚಹಾ. ನಾನು ಬಸಿ ಎತ್ತಿದೆ.

ಏನನ್ನಾದರೂ ಬಾಯಿಗಿಡುವ ಮೊದಲು ನನ್ನ ಬಲಗೈ ತಾನಾಗಿ ಎದೆಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದು. ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಚೀಲದಲ್ಲಿದೆಯಲ್ಲ ಎಂದು ಎದ್ದು ಹೋಗಿ ಚೀಲ ತೆರೆದೆ. ಪಾನಾ, ರಬ್ಬರು, ಮರಳಕಾಗದ. ಬಿಳಿ ಗಂಟಿಲ್ಲ. ಕಂಬಳಿಯ ಮಡಿಕೆ ಕಣ್ಣ ಮುಂದೆ ಬಂತು.

ಲಿಂಗ ದೂರವಾದರೆ ಅದು ಮರಳುವವರೆಗೆ ಬಾಯಿಗೆ ಹನಿ ನೀರೂ ಹಾಕಬಾರದೆಂದು ಅವ್ವ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಆ ಬಸಿಯನ್ನು ಕೆಳಗಿಡುವಾಗ ನಗು ಬರಲಿಲ್ಲ. ನಾನು ಎಂಟು ದಿನದ ಕೂಸಾಗಿದ್ದಾಗ ಕೊರಳಿಗೆ ಕಟ್ಟಿದ ಲಿಂಗ ಅದು. ಅಪ್ಪ ಸತ್ತಾಗಲೂ ಎದೆಯ ಮೇಲಿದ್ದದ್ದು ಅದೊಂದೇ.

ಕಾಕಾನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಕಾಕಾ ಬೈಯಲಿಲ್ಲ. ಬಸಿಯ ಚಹಾ ಮುಟ್ಟದೆ ತನ್ನ ಕಪ್ಪನ್ನು ಬೋರಲು ಹಾಕಿದ, ಲಕ್ಕಪ್ಪನೂ ಹಾಕಿದ.

"ಹೊತ್ತ ಇಳಿಯೂದ್ರಾಗ ಹಟ್ಟಿ ಏಳತೈತಿ ಅಂದಾಳ ಮುದುಕಿ," ಎಂದ ಲಕ್ಕಪ್ಪ ಎದ್ದು. "ಒಮ್ಮೆ ಎದ್ರ ಎಲ್ಲಿ ಅಂತ ಹುಡಕ್ತೀರಿ? ನಮ್ಮ ಮಂದೀನ ನಮಗ ಸಿಗೂದಿಲ್ಲ. ಏಳ್ರಿ!"

ಹೊಳೆಯ ದಂಡೆಗೆ ಬಂದರೆ ದೋಣಿ ಆಚೆ ದಡದಲ್ಲಿತ್ತು. ಅಂಬಿಗ ಬುತ್ತಿ ಬಿಚ್ಚಿದ್ದ. ನಾನು ಗಂಟಲು ಹರಿಯುವಂತೆ ಕೂಗಿದೆ.

"ಉಣ್ಣಾಕತ್ತೇನ್ರಿ! ತಡೀರಿ!"

"ಲಿಂಗ ಕಳಕೊಂಡಾರೋ ಮಾರಾಯಾ!" ಎಂದು ಕಾಕಾ ಕೂಗಿದ.

ಅಂಬಿಗ ರೊಟ್ಟಿಯನ್ನು ಬುಟ್ಟಿಗೆ ಎಸೆದು ದೋಣಿಗೆ ಜಿಗಿದ. "ಮೊದಲ ಹೇಳಬಾರ್ದೇನ್ರಿ!" ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈಯುತ್ತ ಹುಟ್ಟು ಹಾಕಿದ.

ಮತ್ತೆ ಅದೇ ದಾರಿ

ಹಟ್ಟಿ ಮೂರು ಹರದಾರಿ ದೂರ. ಸೂರ್ಯ ನೆತ್ತಿಯಿಂದ ಆಗಲೇ ಇಳಿದಿದ್ದ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಲಕ್ಕಪ್ಪ ಒಮ್ಮೆ ಬಾಜೂ ಬಂದು ಮೆಲ್ಲಗೆ, "ಮಾಸ್ತರ್ರ, ಒಂದ ಗುಟುಕ ನೀರ ಕುಡೀರಿ. ಯಾರ ನೋಡ್ತಾರ?" ಎಂದ. ಕುಡಿಯಲಾರದೆ ಹೋದೆ. ಯಾರೂ ನೋಡುತ್ತಿರಲಿಲ್ಲ ಎಂಬುದು ಖರೆ. ಆದರೆ ಬೆಳಗಿನಿಂದ ಯಾರೂ ನೋಡದಂತೆ ಮಾಡಿದ್ದೆಲ್ಲ ಎಲ್ಲಿಗೆ ತಂದು ನಿಲ್ಲಿಸಿತ್ತು ನೋಡಿ.

ಅರ್ಧ ದಾರಿಯಲ್ಲಿ ನನ್ನ ಬಾಣ ಮತ್ತೆ ಟುಸ್ಸೆಂದಿತು. ಈ ಸಲ ಎರಡು ಮುಳ್ಳು. ಲಕ್ಕಪ್ಪ ನೋಡಿ ತಲೆಯಾಡಿಸಿದ. "ಇದಕ್ಕ ತಾಸ ಬೇಕು."

ನಾನು ದಾರಿಯ ನಡುವೆ ನಿಂತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ.

ಕಾಕಾ ತನ್ನ ಸೈಕಲ್ಲಿನಿಂದ ಇಳಿದು ಹ್ಯಾಂಡಲ್ಲನ್ನು ನನ್ನ ಕೈಗಿಟ್ಟ. "ತಗೋ, ಬಾಯಿಸಾಹೇಬರ ಪಲ್ಲಕ್ಕಿ. ನೆಟ್ಟಗ ಕುಂತ ಹೊಡಿ."

ಹತ್ತಿದೆ. ಸೀಟು ತಗ್ಗು, ಮೊಣಕಾಲು ಹ್ಯಾಂಡಲ್ಲಿಗೆ ತಾಕುತ್ತಿತ್ತು. ಆದರೂ ಆ ಮುದಿ ಸೈಕಲ್ ಹೇಗೆ ಓಡಿತೆನ್ನುತ್ತೀರಿ! ಧೋತರ ಸಿಗಲಿಲ್ಲ, ಮುಳ್ಳು ಚುಚ್ಚಲಿಲ್ಲ, ತಗ್ಗು ತಿಳಿಯಲಿಲ್ಲ. ಎದುರು ಬಂದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಗಲಿ ಎಂದು ಗಂಟೆ ಬಾರಿಸಿದೆ.

ಜಾಲಿಯ ಮರ ಕಂಡಿತು. ಹೊಲ ಕಂಡಿತು. ಹೊಲ ಬರಿದಾಗಿತ್ತು. ಕುರಿಯಿಲ್ಲ, ಕುರಿಯ ಸುತ್ತ ಕಟ್ಟುವ ಬಲೆಯಿಲ್ಲ, ಬರೀ ಹಿಕ್ಕೆ ಮತ್ತು ಒಲೆಯ ಬೂದಿ. ಸೈಕಲ್ ಇಳಿದವನು ಅಲ್ಲಿಯೇ ಕುಸಿದು ಕುಳಿತೆ.

ಅಷ್ಟರಲ್ಲಿ ನಾಯಿ ಬೊಗಳಿತು.

ಜಾಲಿಯ ಬೊಡ್ಡೆಯ ಆಚೆ ಮಾಳವ್ವ ಒಬ್ಬಳೇ ಕುಳಿತಿದ್ದಳು. ಅವಳ ಮುಂದೆ ನಾಲ್ಕು ಮಡಿಕೆಯ ಕಂಬಳಿ, ಅದರ ಮೇಲೆ ಅರಿಸಿನದ ಭಂಡಾರ ಚೆಲ್ಲಿ ಇಟ್ಟ ನನ್ನ ಬಿಳಿ ಗಂಟು, ಗಂಟಿನ ಮುಂದೆ ಅದೇ ಹಿತ್ತಾಳೆಯ ತಂಬಿಗೆ. ಗಂಟನ್ನು ಬಿಚ್ಚಿರಲಿಲ್ಲ.

"ಬಂದೀ?" ಎಂದಳು, ನಾನು ಪಕ್ಕದ ಮನೆಗೆ ಹೋಗಿ ಬಂದೆನೋ ಎಂಬಂತೆ.

"ಹಟ್ಟಿ ಎಲ್ಲೈತಿಬೇ?"

"ಹೋತು. ಕುರಿಗೆ ನಿಲ್ಲಾಕ ಆಗೂದಿಲ್ಲ, ನನಗ ಆಗತೈತಿ. ಹೊತ್ತ ಮುಣುಗೂತನಾ ಕುಂದ್ರತೇನಿ ಅಂತ ಮಗಗ ಹೇಳಿ ಕಳಸೇನಿ." ಆಮೇಲೆ ಸ್ವಲ್ಪ ಸಂಕೋಚದಿಂದ, "ನಿಮ್ಮ ದೇವ್ರು ಏನ ಉಣ್ಣತಾನೋ ನಮಗೇನ ಗೊತ್ತು? ಹಾಲ ಇಟ್ಟೆ," ಎಂದಳು.

"ನೀ ಉಂಡೇನು?"

"ದೇವ್ರು ಯಜಮಾನನ ಬಿಟ್ಟ ಕುಂತಾನ. ಅವನ ಮುಂದ ನಾ ಹ್ಯಾಂಗ ಉಣ್ಣಲೋ?"

ಹೊಲದ ಆಚೆಯ ಹಳ್ಳಕ್ಕೆ ಓಡಿ ಕೈಕಾಲು, ಮುಖ ತೊಳೆದು ಬಂದು, ಅವಳ ಕಂಬಳಿಯ ಮೇಲೆಯೇ ಕುಳಿತು ಪೂಜೆ ಮಾಡಿದೆ. ಶಿವದಾರವನ್ನು ಕೊರಳಿಗೆ ಹಾಕಿಕೊಂಡೆ. ತಂಬಿಗೆ ಎತ್ತಿ ಅರ್ಧ ಹಾಲು ಕುಡಿದು, ಉಳಿದರ್ಧವನ್ನು ಅವಳಿಗೆ ಕೊಟ್ಟೆ. ಅಂಥ ಹಾಲನ್ನು ನಾನು ಹುಟ್ಟಿದ ಮೇಲೆ ಕುಡಿದಿಲ್ಲ. ಪರದೇಶದ ಚಹಾ ಹೇಗಿತ್ತೆಂದು ಗೋಕಾಕದಲ್ಲಿ ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಮಾಳವ್ವ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದಳು. ಹಟ್ಟಿ ಒಂದು ಹರದಾರಿ ಮುಂದೆ ಹೋಗಿತ್ತು. ಅವಳ ಮೊಣಕಾಲು ಎದ್ದೇಳುವಾಗಲೇ ಕಟಕಟ ಎಂದವು. ನಾನು ಕಾಕಾನ ಸೈಕಲ್ಲಿನ ಅಗಲವಾದ ಕ್ಯಾರಿಯರ್ ತೋರಿಸಿದೆ.

"ಹುಚ್ಚದೀ ಏನೋ? ಬಿದ್ದ ಸಾಯಲೇನು?"

"ನೆಟ್ಟಗ ಕುಂತ ಹೊಡೀತೇನಬೇ."

ಗೊಣಗುತ್ತಲೇ ಕುಳಿತಳು. ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು. ನಾಯಿ ಹಿಂದೆ ಓಡಿತು. ದಾರಿ ಇಳಿಜಾರಿಗೆ ಬಿತ್ತು, ಗಾಳಿ ಎದ್ದಿತು. ಗಾಲಿ ತಗ್ಗಿಗೆ ಇಳಿದಾಗೊಮ್ಮೆ ಕರಡಿಗೆ ಎದೆಯ ಕಪ್ಪು ಕಲೆಗೇ ಬಡಿಯುತ್ತಿತ್ತು. ಬಡಿಯಲಿ ಎಂದುಕೊಂಡೆ. ಸ್ವಲ್ಪ ಹೊತ್ತು ಅವಳ ಉಸಿರೇ ಕೇಳಲಿಲ್ಲ. ಅಂಜಿದಳೇನೋ ಎಂದು ಬ್ರೇಕು ಹಿಡಿಯಹೋದೆ.

ಬೆನ್ನಿಗೆ ಒಂದು ಗುದ್ದು ಬಿತ್ತು.

"ಯಾಕ ನಿಲ್ಲಸ್ತಿ? ಜೋರ ಹೊಡಿಯೋ ನನ್ನಪ್ಪಾ!"

ಹೊಡೆದೆ.